ಹೊಳಿ ಮ್ಯಾಲ ಹಾಕಬ್ಯಾಡ್ರಿ

ದಡ್ಡಿ ಊರಿನ ಕಡೆಯಿಂದ ಇಳಿದು ಬರುವ ಘಟಪ್ರಭಾ ಹೊಳಿ ಒಂದು ಕಡೆ ಎರಡು ಸೀಳಾಗುತ್ತದೆ. ಆ ಎರಡು ಸೀಳಿನ ನಡುವೆ ಇರುವ ಊರೇ ಕಲ್ಲಗಡ್ಡಿ. ನಾಲ್ಕೂ ಕಡೆ ನೀರು. ಒಂದಿಷ್ಟು ಕುರುಬರ ಮನಿ, ಒಂದಿಷ್ಟು ಮುಸಲ್ಮಾನರ ಮನಿ. ಕೂಡಿ ಬಾಳುತ್ತಾರೆ, ಕೂಡಿ ಜಗಳಾಡುತ್ತಾರೆ. ಆಚೆ ಹೋಗಬೇಕೆಂದರೆ ಹೊಳೆಪ್ಪ ಕಾಕಾನ ನಾವಿ ಹತ್ತಬೇಕು.

ಈ ನಡುಗಡ್ಡಿಯಲ್ಲಿ ಒಂದು ಕೆಟ್ಟ ಪದ್ಧತಿ ಇತ್ತು. ಯಾರಾದರೂ ಕಾಣೆಯಾದರೆ ಮಂದಿ ಪೊಲೀಸ್ ಠಾಣೆಗೆ ಓಡುತ್ತಿರಲಿಲ್ಲ, ಹೊಳಿಗೆ ಓಡುತ್ತಿದ್ದರು. ದಂಡಿ ಮೇಲೆ ಹೋದವರ ಚಪ್ಪಲಿಯೋ ಟಾವೆಲ್ಲೋ ಸಿಕ್ಕರೆ ಸಾಕು, "ಹೊಳಿ ಒಯ್ತು" ಎಂದು ಕೈ ತೊಳೆದುಕೊಳ್ಳುತ್ತಿದ್ದರು. ಸಂಜೆಗೆ ಎಲೆದೊನ್ನೆಯಲ್ಲಿ ದೀಪ ಹಚ್ಚಿ ನೀರಿಗೆ ಬಿಡುವುದು. ಅದನ್ನು ಹೆತ್ತ ತಾಯಿಯೇ ತನ್ನ ಕೈಯಿಂದ ಬಿಡಬೇಕು. ಬಿಟ್ಟ ಮೇಲೆ ಆ ಹೆಸರನ್ನು ಗಡ್ಡಿಯಲ್ಲಿ ಯಾರೂ ಎತ್ತಬಾರದು. ಹೆಣ ಎಲ್ಲಿ ಎಂದು ಕೇಳುವವರೂ ಇಲ್ಲ, ಮನುಷ್ಯಾ ಎಲ್ಲಿ ಎಂದು ಕೇಳುವವರೂ ಇಲ್ಲ.

ಅವತ್ತು ಮುಂಜಾನೆ ಕುರುಬರ ದುಂಡವ್ವ ರೊಟ್ಟಿ ಬಡಿಯುತ್ತ ಮಗಳನ್ನು ಕರೆದಳು. "ದ್ರಾಕ್ಷಾಯಿಣೀ, ಏ ದ್ರಾಕ್ಷಾಯಿಣೀ, ನೀರ ತಾರ..."

ಉತ್ತರ ಬರಲಿಲ್ಲ. ಹಾಸಿಗೆ ಮಡಿಚಿಟ್ಟಿತ್ತು. ಕುರಿ ಹಟ್ಟಿಯಲ್ಲಿ ಇಲ್ಲ, ಬಾಜೂ ಮನಿಯಲ್ಲಿ ಇಲ್ಲ. ಮನಿಯ ಫೋನೂ ಇಲ್ಲ. ಆಗಲೇ ದುಂಡವ್ವನ ಕೈಯೊಳಗಿನ ಹಿಟ್ಟು ತಣ್ಣಗಾಯಿತು. ಹದಿನಾರು ತುಂಬದ ಹುಡುಗಿ. ಹೇಳದೆ ಹಿತ್ತಲಿಗೂ ಹೋದವಳಲ್ಲ.

ಅಷ್ಟರಲ್ಲಿ ಹೊಳಿ ಕಡೆಯಿಂದ ಕೂಗು ಬಂತು. ಮಡುವಿನ ದಂಡಿ ಮೇಲೆ ಚಪ್ಪಲಿ ಸಿಕ್ಕಿವೆ!

ದುಂಡವ್ವ ಓಡಿದಳು. ಸೆರಗು ಮುಳ್ಳಿಗೆ ಸಿಕ್ಕು ಹರಿದರೂ ಅರಿವಿಲ್ಲ. ಕಪ್ಪು ಮಡುವಿನ ಬದಿಗೆ ಮಗಳ ಕೆಂಪು ಚಪ್ಪಲಿ, ಜೋಡಿಸಿಟ್ಟ ಹಾಗೆ ಕೂತಿದ್ದವು. ನೀರು ಸಪ್ಪಳ ಮಾಡದೆ ಸುತ್ತುತ್ತಿತ್ತು.

"ಮುಗೀತವ್ವಾ," ಎಂದ ಹೊಳೆಪ್ಪ ಕಾಕಾ. "ನನ್ನ ನಾವಿ ಅಂತೂ ಹತ್ತಿಲ್ಲ. ಮತ್ತೆಲ್ಲಿ ಹೋಗತಾಳ? ಹೊಳಿ ಒಯ್ತು."

ಗಂಡ ಸತ್ತೆಪ್ಪ ತಲೆ ಮೇಲೆ ಕೈ ಹೊತ್ತು ಕೂತ. ಮಂದಿ ನೆರೆದರು. ಹೆಂಗಸರು ಬಾಯಿ ಬಡಿದುಕೊಂಡರು. ಒಬ್ಬರೂ ಫೋನ್ ಎತ್ತಲಿಲ್ಲ. ಎಲ್ಲರ ಕಿಸೆಯಲ್ಲೂ ಫೋನ್ ಇತ್ತು, ನೆನಪಿರಲಿ!

ಆಗ ಬಂದವಳು ಬಾಜೂ ಮನಿಯ ಮೆಹರುನಬಿ. ಗೋಕಾಕದ ಕಾಲೇಜಿನ ಮುಂದೆ ಭಜಿ ಗಾಡಿ ಹಾಕುವವಳು. ಬಾಯಿ ಜೋರು ಎಂದು ಗಡ್ಡಿಯಲ್ಲಿ ಹೆಸರಾದವಳು.

"ಸತ್ತೆಪ್ಪಣ್ಣಾ, ಪೊಲೀಸರಿಗೆ ಫೋನ್ ಹಚ್ಚಿದ್ರಿ ಇಲ್ಲೋ?"

"ಯಾಕ ಹಚ್ಚೂದು ತಂಗಿ? ಹೊಳಿ ಮ್ಯಾಲ ಕೇಸ್ ಹಾಕ್ತಾರೇನ ಅವರು?"

"ಹೊಳಿ ಒಯ್ದದ್ದ ನೀವು ನೋಡೀರೇನು?"

"ಚಪ್ಪಲಿ ಕಾಣವಲ್ಲವೇನ ನಿನಗ?"

"ಚಪ್ಪಲಿ ಕಾಣತಾವು. ಹುಡುಗಿ ಕಾಣವಲ್ಲಳು. ಚಪ್ಪಲಿ ಹುಡುಕಾಕ ಬಂದೀರೋ, ಹುಡುಗಿ ಹುಡುಕಾಕ ಬಂದೀರೋ?"

ಮಂದಿ ಗುಜುಗುಜು ಎಂದರು. ಸತ್ತೆಪ್ಪ ಎದ್ದು ನಿಂತ. ಕಣ್ಣು ಕೆಂಪಾಗಿದ್ದವು, ಆದರೂ ದನಿ ತಗ್ಗಿಸಿದ. "ಮೆಹರು, ನಿನಗ ತಿಳೀವಲ್ದು. ಹೊಳಿ ಒಯ್ತು ಅಂದ್ರ ಮಂದಿ ಅಳತಾರ. ಠಾಣೆಕ ಹೋದ್ರ ಮಂದಿ ನಗತಾರ. ಯಾರ ಜೋಡಿ ಓಡಿ ಹೋದಳು ಅಂತ ಊರೂರ ಕೇಳತಾರ. ನಾ ಯಾವ ಮಾರಿ ಹೊತ್ತು ಸಂತಿಗೆ ಹೋಗಲಿ?"

ಕೇಳಿದಿರಾ ಮಾತು? ಮಗಳು ಬದುಕಿದ್ದರೆ ಮಾನ ಹೋಗುತ್ತದೆ, ಸತ್ತರೆ ಮಾನ ಉಳಿಯುತ್ತದೆ! ಇದನ್ನು ಹೇಳಿದವನು ಕೆಟ್ಟವನಲ್ಲ. ಮಗಳನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು. ಆದರೂ ಮಂದಿಯ ಬಾಯಿಗೆ ಅಂಜಿ ಮಗಳನ್ನು ನೀರಿಗೆ ಕೊಡಲು ತಯಾರಾದ. ಅಂಥ ಮಾನಕ್ಕೆ ಬೆಂಕಿ ಹಚ್ಚಬೇಕು.

ದೊನ್ನೆ ಬಂತು. ಬತ್ತಿ ಹೊಸೆದರು. ಇನ್ನೂ ಹೊತ್ತು ಮುಳುಗಿರಲಿಲ್ಲ, ಮಧ್ಯಾಹ್ನವೂ ಆಗಿರಲಿಲ್ಲ. ಆದರೂ ಸತ್ತೆಪ್ಪನಿಗೆ ಅವಸರ, ಸಂಜೆತನಕ ಯಾರೂ ಏನೂ ಕೇಳಬಾರದೆಂದು. ಹೊಳೆಪ್ಪ ಕಾಕಾ ದೀಪ ಹಚ್ಚಿ ದುಂಡವ್ವನ ಅಂಗೈ ಮೇಲೆ ಇಟ್ಟ. "ಬಿಡವ್ವಾ. ಹಡೆದ ಕೈಯಿಂದನ ಬಿಡಬೇಕು."

ದುಂಡವ್ವ ನೀರಿನ ಮುಂದೆ ಕೂತಳು. ದೊನ್ನೆಯ ಎಣ್ಣೆ ಬೆರಳ ಸಂದಿಯಿಂದ ಸೋರಿತು. ಇದನ್ನು ಬಿಟ್ಟರೆ ಮತ್ತೆ "ದ್ರಾಕ್ಷಾಯಿಣಿ" ಎಂದು ಕರೆಯುವಂತಿಲ್ಲ. ಇನ್ನು ಸಾಯುವ ತನಕ ಕರೆಯುವಂತಿಲ್ಲ.

ಮೆಹರುನಬಿ ಅವಳ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ ಕೇಳಿದಳು. "ಅಕ್ಕಾ, ನಿಮ್ಮ ಮನ್ಯಾಗ ಹೋಗಿ ನೋಡಿ ಬಂದೆ. ಫೋನ್ ಅಷ್ಟ ಅಲ್ಲ, ಗ್ವಾಡಿಗಿದ್ದ ಚಾರ್ಜರೂ ಇಲ್ಲ. ಹೊಳಿಗೆ ಹಾರಾಕಿ ಚಾರ್ಜರ್ ಯಾಕ ಒಯ್ತಾಳ?"

ದುಂಡವ್ವ ಕತ್ತೆತ್ತಿದಳು.

"ನಾವಿ ಹತ್ತಿಲ್ಲ ಅಂತಾನ ಕಾಕಾ. ಖರೆ. ಮ್ಯಾಗಿನ ಕಡೆ ಕುರಿ ಹಾಯೂ ಜಾಗಾದಾಗ ಈಗ ನೀರು ಮೊಣಕಾಲಮಟ. ನಿಮ್ಮ ಕುರಿ ದಾಟತಾವು, ನಿಮ್ಮ ಮಗಳು ದಾಟಾಕಿಲ್ಲೇನು? ಯಾರೋ ಕರದಾರ ಅಕ್ಕಾ. ಈಗ ಹುಡುಕಿದ್ರ ಸಿಗತಾಳ. ನಾಳೆ ಅಂದ್ರ ಎಲ್ಲಿ ಒಯ್ದಿರತಾರೋ, ಯಾರಿಗೆ ಮಾರಿರತಾರೋ."

ಮಾರಿರತಾರೋ! ಆ ಮಾತು ಕಾದ ಕಬ್ಬಿಣದ ಹಾಗೆ ಎದೆಗೆ ತಾಗಿತು. ಹೊಳಿಗಿಂತ ಕೆಟ್ಟದ್ದು ಇದೆ ಎಂದು ಆ ತಾಯಿಗೆ ಅವತ್ತು ತಿಳಿಯಿತು.

ಸತ್ತೆಪ್ಪ ಇನ್ನೂ ಒಂದು ಮಾತು ಹಿಡಿದುಕೊಂಡಿದ್ದ. "ಪೊಲೀಸರು ಒಂದ ದಿನಾ ಕಾಯ್ರಿ ಅಂತಾರಂತ. ಅಲ್ಲೀತನಕ ಬರ್ಕೊಳ್ಳೂದಿಲ್ಲಂತ."

"ಯಾರಂದ್ರು? ಹಂಗ ಯಾವ ಕಾಯದೆನೂ ಇಲ್ಲಣ್ಣಾ. ಹುಡುಗಿಗೆ ಹದಿನೆಂಟು ತುಂಬಿಲ್ಲ. ಆಗಿಂದಾಗ ಅಪಹರಣದ ಕೇಸ್ ಅಂತ ಬರ್ಕೋಬೇಕು. ಈ ಠಾಣೆ ಅಲ್ಲ, ಆ ಠಾಣೆ ಅಲ್ಲ ಅಂತ ಓಡಾಡಸಾಕೂ ಬರೂದಿಲ್ಲ. ಕಾಲೇಜ ಹುಡುಗ್ಯಾರಿಗೆ ಪೊಲೀಸರ ಬಂದು ಹೇಳೂ ಮುಂದ ನಾ ಅಲ್ಲೇ ಭಜಿ ಕರೀತಿದ್ದೆ, ಕಿವಿ ಕರಕೊಂಡಿರಲಿಲ್ಲ!"

ದುಂಡವ್ವ ಗಂಡನ ಮುಖ ನೋಡಲಿಲ್ಲ. ಮಂದಿಯ ಮುಖವನ್ನೂ ನೋಡಲಿಲ್ಲ. "ಫೂ" ಎಂದು ದೀಪ ಆರಿಸಿದಳು. ಯಾರೋ "ಅಪಶಕುನ" ಎಂದರು. "ಹೌದ್ರಿ," ಎಂದಳು ದುಂಡವ್ವ. "ಆದರ ಆಗಲಿ. ನನ್ನ ಮಗಳಿನ್ನೂ ಸತ್ತಿಲ್ಲ. ಮೆಹರು, ಹಚ್ಚ ಫೋನ್."

ಮೆಹರುನಬಿ 112 ಒತ್ತಿದಳು. ಆ ಕಡೆಯಿಂದ ಹೆಣ್ಣುದನಿ ಕೇಳಿತು. ಹುಡುಗಿಯ ಹೆಸರೇನು, ಯಾವ ಬಣ್ಣದ ಬಟ್ಟೆ, ಫೋನ್ ನಂಬರ್ ಯಾವುದು, ಮುಖದ ಮೇಲೆ ಗುರುತು ಏನಿದೆ. ದುಂಡವ್ವ ಅಳುತ್ತಲೇ ಎಲ್ಲ ಹೇಳಿದಳು. ಎಡ ಹುಬ್ಬಿನ ಮೇಲೆ ಕುರಿ ಹಾಯ್ದ ಗಾಯದ ಕಲೆ ಇದೆ ಎಂದೂ ಹೇಳಿದಳು. ಫೋಟೋ ಹೋಯಿತು. ಸ್ವಲ್ಪ ಹೊತ್ತಿಗೆ ಆಚೆ ದಂಡಿಗೆ ಪೊಲೀಸ್ ಜೀಪು ಬಂದು ನಿಂತಿತು.

ಆಮೇಲಿನ ಹೊತ್ತು ಕಳೆದದ್ದು ಹೇಗೆಂದು ದುಂಡವ್ವನಿಗೇ ಗೊತ್ತು. ಫೋನ್ ಸಪ್ಪಳಾದರೆ ಜೀವ ಬಾಯಿಗೆ ಬರುತ್ತಿತ್ತು, ಸಪ್ಪಳಾಗದಿದ್ದರೂ ಬರುತ್ತಿತ್ತು. ಬಿಸಿಲು ಇಳಿಯುವ ಹೊತ್ತಿಗೆ ಸುದ್ದಿ ಬಂತು. ಫೋನಿನ ಜಾಡು ಹಿಡಿದು ಹೋದ ಪೊಲೀಸರಿಗೆ, ಸಂಕೇಶ್ವರದ ಆಚೆ ಹೈವೇ ಬಾಜೂ ಕತ್ತಲಾಗಲೆಂದು ನಿಂತಿದ್ದ ಒಂದು ಗಾಡಿಯಲ್ಲಿ ಹುಡುಗಿ ಸಿಕ್ಕಿದ್ದಳು, ಒಯ್ದವರೂ ಸಿಕ್ಕಿಬಿದ್ದಿದ್ದರು. ಇನ್ನೊಂದು ತಾಸು ತಡವಾಗಿದ್ದರೆ ಗಾಡಿ ಮಹಾರಾಷ್ಟ್ರದ ಗಡಿ ದಾಟಿ ಎಲ್ಲಿಗೆ ಹೋಗುತ್ತಿತ್ತೋ!

ಠಾಣೆಯಲ್ಲಿ ತಾಯಿಯ ಕುತ್ತಿಗೆಗೆ ಜೋತುಬಿದ್ದು ದ್ರಾಕ್ಷಾಯಿಣಿ ಹೇಳಿದ್ದು ಇದು. ಗೋಕಾಕದ ಸಂತೆಯಲ್ಲಿ ಒಬ್ಬ ಹೆಂಗಸು ಗುರುತಾದಳು. ಪುಣೆಯಲ್ಲಿ ಹೊಲಿಗೆ ಕೆಲಸ, ಒಳ್ಳೆ ಪಗಾರ ಎಂದಳು. ಫೋನಿನಲ್ಲಿ ದಿನಾ ಸಿಹಿಮಾತು. ಕೊನೆಗೆ, "ಮನ್ಯಾಗ ಹೇಳಬ್ಯಾಡ, ಕುರಿ ದಾಟೂ ಕಡೆಯಿಂದ ಬಾ, ಚಪ್ಪಲಿ ಮಡುವಿನ ದಂಡಿಗೆ ಬಿಟ್ಟ ಬಾ" ಎಂದಳು.

"ಗಾಡ್ಯಾಗ ಕುಂತ ಮ್ಯಾಲ ಅಂಜಿಕಿ ಬಂತ ಯವ್ವಾ. ಇಳಸ್ರಿ ಅಂತ ಅತ್ತೆ. ಆಕಿ ನಕ್ಕಳು. 'ನಿಮ್ಮ ಗಡ್ಡಿ ಮಂದಿ ನನಗ ಗೊತ್ತು. ದೀಪಾ ಬಿಟ್ಟು ಸುಮ್ಮನ ಕುಂಡರತಾರ. ನಿನ್ನ ಕೇಳಾಕ ಒಬ್ಬ ನಾಯಿನೂ ಬರೂದಿಲ್ಲ' ಅಂದಳು."

ಗಡ್ಡಿಯಿಂದ ಜೊತೆಗೆ ಬಂದಿದ್ದ ಯಲ್ಲಾರಿ ಗೋಡೆ ಹಿಡಿದು ನಿಂತ. ಹೋದ ವರ್ಷ ಅವನ ಮಗಳು ಶಂಕ್ರವ್ವನ ಚಪ್ಪಲಿಯೂ ಅದೇ ಮಡುವಿನ ದಂಡಿ ಮೇಲೆ ಸಿಕ್ಕಿದ್ದವು. ಅವನ ಹೆಂಡತಿ ದೀಪ ಬಿಟ್ಟಿದ್ದಳು. ಅವತ್ತಿನಿಂದ ಆ ಮನಿಯಲ್ಲಿ ಯಾರೂ ಆ ಹೆಸರು ಎತ್ತಿರಲಿಲ್ಲ.

ಸತ್ತೆಪ್ಪ ಹೋಗಿ ಅವನ ರಟ್ಟೆ ಹಿಡಿದ. ಮುಂಜಾನೆ ಮಾನದ ಮಾತಾಡಿದ ಅದೇ ಸತ್ತೆಪ್ಪ. "ಬಾ ಯಲ್ಲಾರಿ. ಒಳಗ ಕುಂತಾರ ಸಾಹೇಬರು. ತಡಾ ಆಗೇತಿ, ಖರೆ. ಆದರೂ ಇವತ್ತ ಬರಸೂಣು. ಮಂದಿ ನಕ್ಕರ ನನ್ನ ಕಡೆ ಕಳಸು."

ಯಲ್ಲಾರಿ ಸಾಹೇಬರ ಮುಂದೆ ನಿಂತ. ಮಗಳ ಹೆಸರು ಕೇಳಿದರು. ವರ್ಷದ ಮೇಲೆ ಮೊದಲ ಸಲ ಬಾಯಿಬಿಟ್ಟು ಹೇಳಿದ: "ಶಂಕ್ರವ್ವ."

ಅವಳನ್ನು ಇನ್ನೂ ಹುಡುಕುತ್ತಿದ್ದಾರೆ.

ಅಣ್ಣಗಳಿರಾ, ಅಕ್ಕಗಳಿರಾ, ಇದನ್ನು ಓದುತ್ತಿರುವವರೇ, ಓದಿಸಿ ಕೇಳುತ್ತಿರುವವರೇ. ನಿಮ್ಮ ಮನಿಯವರು ಕಾಣದಿದ್ದರೆ ಹೊಳಿ ಮೇಲೆ, ದೆವ್ವದ ಮೇಲೆ, ಹಣೆಬರಹದ ಮೇಲೆ ಹಾಕಿ ಕೂರಬೇಡಿರಿ. ಒಂದು ದಿನ ನೋಡೋಣ ಎನ್ನಬೇಡಿರಿ. ತಕ್ಷಣ 112ಕ್ಕೆ ಫೋನ್ ಮಾಡಿರಿ. ಮಕ್ಕಳಾದರೆ 1098 ಕೂಡ ಇದೆ. ಎರಡಕ್ಕೂ ರೊಕ್ಕ ಬೀಳುವುದಿಲ್ಲ. ಹತ್ತಿರ ಯಾವ ಠಾಣೆ ಇದೆಯೋ ಅಲ್ಲಿ ದೂರು ಕೊಡಿರಿ, ಬರೆದುಕೊಂಡ ಪ್ರತಿ ಕೇಳಿ ಪಡೆಯಿರಿ. ಈಚಿನ ಒಂದು ಫೋಟೋ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿರಿ. ಎಷ್ಟೇ ತಡವಾಗಿದ್ದರೂ ದೂರು ಕೊಡಬಹುದು. ಇನ್ನೊಂದು ಮಾತು, ತಿರುಗಿ ಬಂದ ಮಗುವನ್ನು ಬೈಯಬೇಡಿರಿ, ಬಡಿಯಬೇಡಿರಿ. ಮೋಸ ಮಾಡಿದವರು ಬೇರೆ ಇದ್ದಾರೆ.

ನಿಮ್ಮ ಊರಿನಲ್ಲೂ ಯಾರೂ ಎತ್ತದ ಒಂದು ಹೆಸರು ಇರಬಹುದು. ಇವತ್ತೇ ಎತ್ತಿರಿ. ಕದ್ದವರಿಗೆ ಕೇಳಿಸುವ ಹಾಗೆ ಕೂಗಿ ಎತ್ತಿರಿ.