ಎಡ ಅಂಗೈಯ ಉಷ್ಣಾಂಶ

ಕೈಯಿಂದ ಲಿಂಗ ಜಾರಿದ್ದು ಎರಡು ಸಾವಿರದ ಮೂರನೇ ಇಸವಿ ನವೆಂಬರಿನ ಕೊನೆಯ ಸೋಮವಾರ, ಬೆಳಿಗ್ಗೆ ಆರೂವರೆಗೆ. ನೆಲಕ್ಕೆ ಬೀಳಲಿಲ್ಲ. ಮಡಿಲಲ್ಲಿ, ಪಂಚೆಯ ಮಡಿಕೆಗಳ ನಡುವೆ ಬಿತ್ತು. ಬಲಗೈಯಲ್ಲಿ ಎತ್ತಿ ಮತ್ತೆ ಎಡ ಅಂಗೈಯ ಮೇಲಿಟ್ಟುಕೊಂಡೆ. ಪಕ್ಕದಲ್ಲಿ ಅವ್ವ ಕಣ್ಣು ಮುಚ್ಚಿ ಕೂತಿದ್ದಳು. ಅವಳು ಕಣ್ಣು ತೆರೆದಾಗ ಎಲ್ಲವೂ ಇರಬೇಕಾದ ಜಾಗದಲ್ಲೇ ಇತ್ತು.

ನಮ್ಮ ಮನೆಯಲ್ಲಿ ಪೂಜೆಗೆ ಬೇರೆ ಪೀಠವಿಲ್ಲ. ಕೊರಳಲ್ಲಿ ಧರಿಸುವ ಇಷ್ಟಲಿಂಗವನ್ನು ತೆಗೆದು ಎಡ ಅಂಗೈಯ ಮೇಲಿಟ್ಟು, ನೀರು ಹನಿಸಿ, ವಿಭೂತಿ ಧರಿಸಿ, ಪತ್ರೆ ಏರಿಸಿ, ತಲೆ ತಗ್ಗಿಸಿ ಅದನ್ನೇ ನೋಡುತ್ತಾ ಕೂರುವುದು. ಅಪ್ಪ ಮುಕ್ಕಾಲು ಗಂಟೆ ಕೂರುತ್ತಿದ್ದರು. ಅವರು ಹೋದ ಮೇಲೆ ಅವ್ವನ ಜೊತೆ ನಾನು ಕೂರುತ್ತಿದ್ದೇನೆ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ಲಿಂಗ ಕೈಜಾರಿ ಬಿದ್ದರೆ ಹಿಂದಿನವರು ಊಟ ನೀರು ಬಿಟ್ಟು ಪ್ರಾಣವನ್ನೇ ಕಳೆದುಕೊಳ್ಳುತ್ತಿದ್ದರು ಎಂದು ಅಜ್ಜಿ ಹೇಳುತ್ತಿದ್ದದ್ದನ್ನು ಅವ್ವ ಕತೆ ಎಂದುಕೊಂಡಿಲ್ಲ. ನಾನು ಬಿ.ಎಸ್ಸಿ. ಓದಿದವನು, ಕತೆ ಎಂದುಕೊಂಡಿದ್ದೆ. ಆದರೂ ಆ ಸೋಮವಾರದ ಸಂಗತಿಯನ್ನು ಹೆಂಡತಿ ಪ್ರೇಮಲೀಲಾಗೂ ಹೇಳಲಿಲ್ಲ.

ನೋವು ಶುರುವಾಗಿದ್ದು ಅದಕ್ಕೆ ನಾಲ್ಕು ದಿನ ಮೊದಲು. ನನ್ನ ಕೆಲಸ ತೂಕ ಮತ್ತು ಅಳತೆಗಳನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ. ಅಂಗಡಿಗಳಿಂದ ಬರುವ ತೂಕದ ಬಟ್ಟುಗಳನ್ನು ಸೂಕ್ಷ್ಮ ತಕ್ಕಡಿಯಲ್ಲಿಟ್ಟು ನಮ್ಮ ಮಾದರಿ ಬಟ್ಟಿನೊಂದಿಗೆ ಹೋಲಿಸುವುದು. ಇಡೀ ದಿನ ಕತ್ತು ಬಗ್ಗಿಸಿಯೇ ಇರಬೇಕು. ಒಂದು ಸಂಜೆ ಎಡ ಭುಜದ ಹಿಂದೆ ಏನೋ ಚುಚ್ಚಿದಂತಾಗಿ, ತೋಳಿನ ಹಿಂಭಾಗದಲ್ಲಿ ಇಳಿದು ನಡುಬೆರಳಿನ ತುದಿಗೆ ಬಂದು ನಿಂತಿತು. ಮಾರನೆಯ ದಿನದಿಂದ ಆ ಬೆರಳೂ ಪಕ್ಕದ ತೋರುಬೆರಳೂ ಜುಮುಗುಟ್ಟುತ್ತಲೇ ಇದ್ದವು.

ಒಂದೇ ಒಂದು ಭಂಗಿಯಲ್ಲಿ ನೋವು ಇಳಿಯುತ್ತಿತ್ತು. ಎಡಗೈಯನ್ನು ಎತ್ತಿ ನೆತ್ತಿಯ ಮೇಲಿಟ್ಟುಕೊಂಡರೆ ಒಂದು ನಿಮಿಷದೊಳಗೆ ತೋಳು ಹಗುರಾಗುತ್ತಿತ್ತು. ಅದನ್ನು ಕಂಡುಹಿಡಿದ ದಿನ ಹಜಾರದಲ್ಲಿ ಹಾಗೇ ಕೂತಿದ್ದೆ. ಅವ್ವ ಅಡುಗೆಮನೆಯಿಂದ ಬಂದವಳು ನಿಂತುಬಿಟ್ಟಳು.

"ತಲೆ ಮೇಲೆ ಕೈ ಹೊತ್ಕೊಂಡು ಕೂತಿದೀಯಲ್ಲೋ. ಯಾರು ಹೋದ್ರು ಅಂತ?"

"ನೋವಿಗೆ ಕಣವ್ವ."

"ನೋವಿಗೆ ಎಣ್ಣೆ ಹಚ್ಕೋ. ಮನೆ ಯಜಮಾನ ಅಂಗೆಲ್ಲಾ ಕೂರಬಾರದು. ಇಳಿಸು ಮೊದ್ಲು."

ಇಳಿಸಿದೆ. ಪ್ರೇಮಲೀಲಾ ಒಳಗಿಂದಲೇ, "ಸಂಬಳ ಬಂದ್ಮೇಲೂ ತಲೆ ಮೇಲೆ ಕೈ ಇಟ್ಕೊಳೋ ಗಂಡ ನಮ್ಮನೇಲೇ ಇರೋದು," ಎಂದು ನಕ್ಕಳು. ಅಂದಿನಿಂದ ಆ ಭಂಗಿ ಬಚ್ಚಲುಮನೆಗೆ ಹೋಯಿತು. ಬಾಗಿಲು ಹಾಕಿಕೊಂಡು, ನಲ್ಲಿ ತಿರುಗಿಸಿ, ಕೈ ನೆತ್ತಿಯ ಮೇಲಿಟ್ಟು ನಿಂತಿರುತ್ತಿದ್ದೆ. ನಲವತ್ತೇಳು ವರ್ಷದವನಿಗೆ ತನ್ನದೇ ಮನೆಯಲ್ಲಿ ಕೈ ಎತ್ತಲು ಬಚ್ಚಲೊಂದೇ ಜಾಗ.

ಆ ಸೋಮವಾರದ ನಂತರ ಅವ್ವ ಪೂಜೆಗೆ ಇನ್ನೂ ಹತ್ತಿರ ಕೂರತೊಡಗಿದಳು. ಅವಳ ಮೊಣಕಾಲು ನನ್ನ ಮೊಣಕಾಲಿಗೆ ತಾಗುತ್ತಿತ್ತು. ಸೆರಗು ನನ್ನ ಮುಂದಿನ ನೆಲದ ಮೇಲೆ ಹರಡಿಕೊಂಡಿರುತ್ತಿತ್ತು. ಅನುಮಾನ ಬಂದು ಕಾವಲು ಕಾಯುತ್ತಿದ್ದಾಳೆ ಎನಿಸಿತು. ಬೆರಳುಗಳಲ್ಲಿ ಲಿಂಗ ಇದೆಯೋ ಇಲ್ಲವೋ ಎಂಬುದು ಕಣ್ಣಿಗಷ್ಟೇ ಗೊತ್ತಾಗುತ್ತಿತ್ತು, ಕೈಗೆ ಗೊತ್ತಾಗುತ್ತಿರಲಿಲ್ಲ. ಕಣ್ಣು ಮಿಟುಕಿಸಲೂ ಹೆದರಿಕೆ.

ನರಗಳ ಡಾಕ್ಟರು ವಿಶ್ವನಾಥ್ ಸರಸ್ವತಿಪುರದ ಒಂದು ನರ್ಸಿಂಗ್ ಹೋಮಿಗೆ ಬರುತ್ತಿದ್ದರು. ಸುತ್ತಿಗೆಯಲ್ಲಿ ಮೊಣಕೈ ತಟ್ಟಿ, ಬೆರಳುಗಳನ್ನು ಎಳೆಸಿ, "ಕತ್ತಿಂದ ಇರಬಹುದು, ಮಣಿಕಟ್ಟಿಂದಲೂ ಇರಬಹುದು. ಒಂದು ನರದ ಪರೀಕ್ಷೆ ಮಾಡಿಸಿ," ಎಂದರು. "ಯಾವುದರಿಂದ ಜಾಸ್ತಿ ಆಗುತ್ತೆ, ಯಾವುದರಿಂದ ಕಡಿಮೆ ಆಗುತ್ತೆ?"

"ಕತ್ತು ಬಗ್ಗಿಸಿದ್ರೆ ಜಾಸ್ತಿ ಸಾರ್." ಕಡಿಮೆಯಾಗುವುದನ್ನು ಹೇಳಲಿಲ್ಲ. ಜೊತೆಗೆ ಅವ್ವ ಬಂದಿದ್ದಳು.

ಪರೀಕ್ಷೆ ಡಿಸೆಂಬರ್ ನಾಲ್ಕರ ಗುರುವಾರ, ಬೆಳಿಗ್ಗೆ ಎಂಟಕ್ಕೆ. ಒಳ್ಳೆಯದಾಗಲಿ ಎಂದು ಅವ್ವ ಅವತ್ತು ಹೆಚ್ಚು ಹೊತ್ತು ಕೂರಿಸಿದಳು. ತೊಟ್ಟಿಯ ತಣ್ಣೀರನ್ನು ಚಮಚದಲ್ಲಿ ನೂರೆಂಟು ಸಲ ಹನಿಸಿದೆ. ಆಮೇಲೆ ಲಷ್ಕರ್ ಮೊಹಲ್ಲಾದಿಂದ ಆಟೋ. ಚಳಿಗಾಲದ ಬೆಳಗು. ಅವ್ವ ಜೊತೆಗಿರಲಿಲ್ಲವಾದ್ದರಿಂದ ಎಡಗೈ ಎತ್ತಿ ಆಟೋದ ಮೇಲಿನ ಕಂಬಿ ಹಿಡಿದು ಕೂತೆ. ನೋವು ಇಳಿಯಿತು. ಬಲಗೈ ಸ್ವೆಟರಿನ ಜೇಬಿನಲ್ಲಿತ್ತು.

ಟೆಕ್ನಿಷಿಯನ್ ಸುಂದರೇಶ ನನ್ನ ಎಡಗೈ ಹಿಡಿದವನೇ, "ಏನ್ ಸಾರ್ ಇದು, ಫ್ರಿಜ್‌ನಿಂದ ತೆಗ್ದಂಗಿದೆ," ಎಂದು ತಮಾಷೆ ಮಾಡಿದ. ಮಣಿಕಟ್ಟಿನಲ್ಲಿ, ಮೊಣಕೈಯಲ್ಲಿ ಸಣ್ಣ ಸಣ್ಣ ಶಾಕ್ ಕೊಟ್ಟ. ಪ್ರತಿ ಸಲವೂ ಬೆರಳು ನನ್ನನ್ನು ಕೇಳದೆ ಹಾರುತ್ತಿತ್ತು, ಪರದೆಯ ಮೇಲೆ ಒಂದು ಅಲೆ ಏಳುತ್ತಿತ್ತು. ಸ್ನಾಯುಗಳಿಗೆ ಸೂಜಿ ಹಾಕಿ ನೋಡುವ ಇನ್ನೊಂದು ಭಾಗವನ್ನು ಅವತ್ತು ಮಾಡಲಿಲ್ಲ. ನೋವು ಬಂದು ಮೂರು ವಾರವಾದರೂ ಆಗದೆ ಸೂಜಿಗೆ ಏನೂ ಕಾಣುವುದಿಲ್ಲವಂತೆ.

ಶನಿವಾರ ರಿಪೋರ್ಟ್ ಬಂತು. ಅಂಗೈಗೆ ಹೋಗುವ ಮುಖ್ಯ ನರ ಎಡ ಮಣಿಕಟ್ಟಿನಲ್ಲಿ ಅದುಮಿಕೊಂಡಿದೆ.

"ಸಣ್ಣ ಆಪರೇಷನ್ನು," ಎಂದರು ಡಾಕ್ಟರು. "ಅಂಗೈಯಲ್ಲಿ ಇಲ್ಲಿಂದ ಇಲ್ಲಿಗೆ ಕೊಯ್ದು ನರದ ಮೇಲಿನ ಪಟ್ಟಿ ಬಿಡಿಸ್ತಾರೆ. ಹದಿನೆಂಟಕ್ಕೆ ಸರ್ಜನ್ ಸಿಗ್ತಾರೆ. ಹೊಲಿಗೆ ಬಿಚ್ಚೋವರೆಗೂ ಕೈ ನೆನೆಸಬಾರದು, ಭಾರ ಹಾಕಬಾರದು." ಅವರ ಪೆನ್ನಿನ ತುದಿ ನನ್ನ ಎಡ ಅಂಗೈಯಲ್ಲಿ, ಲಿಂಗ ಕೂರುವ ಗುಳಿಯ ಮೇಲೆ ಹಾದುಹೋಯಿತು.

ಜೊತೆಗೆ ಬಂದಿದ್ದ ಅವ್ವ ಮನೆ ಸೇರಿ ಚಪ್ಪಲಿ ಬಿಟ್ಟಳು. ಆಮೇಲೆ, "ಅಲ್ಲಿಗೇ ಕತ್ತಿ ಇಕ್ಕಬೇಕಾ? ಬೇರೆ ಜಾಗ ಇಲ್ವಾ?" ಎಂದಳು. ಪ್ರೇಮಲೀಲಾ, "ಅತ್ತೆ, ಅವರು ಕೈ ನೋಡ್ತಾರೆ, ಪೀಠ ನೋಡ್ತಾರಾ?" ಎಂದಳು. ಅವ್ವ ಎದ್ದು ಹೋದಳು.

ನನಗೆ ಯಾವ ಕಡೆಗೂ ಜಾಗವಿರಲಿಲ್ಲ. ಕೊಯ್ಯಿಸಿಕೊಂಡರೆ ಅವ್ವನ ಪಕ್ಕದಲ್ಲಿ ಖಾಲಿ ಕೈಯಲ್ಲಿ ಕೂರಬೇಕು. ಬಿಟ್ಟರೆ ಇವತ್ತಲ್ಲ ನಾಳೆ ಲಿಂಗ ನೆಲಕ್ಕೇ ಬೀಳುತ್ತದೆ. ಯಾಕೆ ಆಪರೇಷನ್ ಬೇಕು ಎಂದು ಅವ್ವನಿಗೆ ಹೇಳಬೇಕೆಂದರೆ ಆ ಸೋಮವಾರದ್ದನ್ನು ಹೇಳಬೇಕು.

ಮಾಡಲು ಬೇರೇನೂ ತೋಚದೆ ರಿಪೋರ್ಟ್ ಓದಿದೆ. ಅಂಕಿ ಓದುವುದು ನನ್ನ ಕಸುಬು. ಶಾಕ್ ಕೊಟ್ಟಲ್ಲಿಂದ ಸ್ನಾಯು ಹಾರುವವರೆಗೆ ಎಡಗೈಯಲ್ಲಿ ಐದು ಬಿಂದು ಒಂದು ಮಿಲಿಸೆಕೆಂಡ್, ಬಲಗೈಯಲ್ಲಿ ಮೂರು ಬಿಂದು ಆರು. ನಿಧಾನವಾಗಿರುವುದು ನಿಜ. ಆದರೆ ಕಿರುಬೆರಳಿನ ಕಡೆ ಹೋಗುವ ಇನ್ನೊಂದು ನರವೂ ಎಡಗೈಯಲ್ಲಿ ನಿಧಾನವಾಗಿತ್ತು: ನಾಲ್ಕು, ಬಲಗಡೆ ಎರಡು ಬಿಂದು ಎಂಟು. ಆ ನರ ಆ ಪಟ್ಟಿಯ ಕೆಳಗೆ ಹಾದುಹೋಗುವುದೇ ಇಲ್ಲ. ಇನ್ನೂ ವಿಚಿತ್ರವೆಂದರೆ, ಎಡಗೈಯ ಅಲೆಗಳು ಬಲಗೈಯವಕ್ಕಿಂತ ಎತ್ತರವಾಗಿದ್ದವು. ಅದುಮಿಕೊಂಡ ನರ ಹೆಚ್ಚು ಎತ್ತರದ ಅಲೆಯನ್ನು ಯಾಕೆ ಕೊಡಬೇಕು?

ಹಾಳೆಯ ಮೇಲ್ಭಾಗದಲ್ಲಿ, ನನ್ನ ಹೆಸರು ವಯಸ್ಸುಗಳ ಕೆಳಗೆ, "ಚರ್ಮದ ಉಷ್ಣಾಂಶ" ಎಂಬುದರ ಮುಂದೆ ಖಾಲಿ ಗೆರೆಯಿತ್ತು.

ನಮ್ಮ ಪ್ರಯೋಗಾಲಯದಲ್ಲಿ ಉಷ್ಣಾಂಶ ಬರೆಯದ ಹಾಳೆಗೆ ಯಾರೂ ಸಹಿ ಹಾಕುವುದಿಲ್ಲ. ಬಿಸಿಲಲ್ಲಿ ಹಿಗ್ಗಿದ ಮೀಟರ್ ಪಟ್ಟಿಯನ್ನು ತಪ್ಪು ಪಟ್ಟಿ ಎಂದು ಬರೆದುಬಿಡಬಹುದು, ಅದಕ್ಕೆ. ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ ಎರಡು ಮಧ್ಯಾಹ್ನ ಕೂತೆ. ಕೈ ತಣ್ಣಗಿದ್ದರೆ ನರ ನಿಧಾನವಾಗುತ್ತದೆ, ಅಲೆ ಎತ್ತರವಾಗುತ್ತದೆ. ಮೂವತ್ತೆರಡು ಡಿಗ್ರಿಗಿಂತ ಕೆಳಗೆ ಪ್ರತಿ ಡಿಗ್ರಿಗೂ ಸುಮಾರು ಸೊನ್ನೆ ಬಿಂದು ಎರಡು ಮಿಲಿಸೆಕೆಂಡ್.

ಭಾನುವಾರ ಬೆಳಿಗ್ಗೆ ಪ್ರಯೋಗ ಮಾಡಿದೆ. ಅದೇ ತಣ್ಣೀರು, ಅದೇ ನೂರೆಂಟು ಹನಿ, ಅದೇ ಹೊತ್ತಿಗೆ ಆಟೋ, ಎಡಗೈ ಮೇಲಿನ ಕಂಬಿಯ ಮೇಲೆ. ಸರಸ್ವತಿಪುರ ತಲುಪಿದ ಕೂಡಲೇ ಪ್ರಯೋಗಾಲಯದಿಂದ ತಂದಿದ್ದ ಥರ್ಮಾಮೀಟರಿನ ಬುಡವನ್ನು ಅಂಗೈಗೆ ಪ್ಲಾಸ್ಟರ್ ಹಾಕಿ ಅಂಟಿಸಿಕೊಂಡು ಕೂತೆ.

"ಜ್ವರ ಅಂಗೈಲಿ ಬರ್ತದಾ ಸ್ವಾಮಿ?" ಎಂದ ಆಟೋದವನು.

"ನನಗೆ ಅಲ್ಲೇ ಬಂದಿರೋದು."

ಎಡಗೈ ಇಪ್ಪತ್ತೈದು. ಬಲಗೈ ಮೂವತ್ತೊಂದು. ಎಡಗೈ ಮೂವತ್ತೆರಡಕ್ಕಿಂತ ಏಳು ಡಿಗ್ರಿ ಕೆಳಗೆ; ಏಳು ಡಿಗ್ರಿಗೆ ಒಂದು ಬಿಂದು ನಾಲ್ಕು. ಐದು ಬಿಂದು ಒಂದರಲ್ಲಿ ಅದನ್ನು ಕಳೆದರೆ ಉಳಿದದ್ದು ಮೂರು ಬಿಂದು ಏಳು, ಹೆಚ್ಚುಕಡಿಮೆ ಬಲಗೈಯಷ್ಟೇ. ಮಣಿಕಟ್ಟಿನ ರೋಗವನ್ನು ನಾನೇ, ಅವ್ವನ ತಣ್ಣೀರು ಮತ್ತು ಬೆಳಗಿನ ಗಾಳಿಯಿಂದ ತಯಾರಿಸಿ ನರ್ಸಿಂಗ್ ಹೋಮಿಗೆ ಹೊತ್ತುಕೊಂಡು ಹೋಗಿದ್ದೆ.

ಮಂಗಳವಾರ ಡಾಕ್ಟರ ಮುಂದೆ ಈ ಲೆಕ್ಕವಿಟ್ಟಾಗ ಅವರ ಮುಖ ಬಿಗಿಯಿತು. ರಿಪೋರ್ಟನ್ನೂ ನನ್ನ ಲೆಕ್ಕದ ಹಾಳೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರು. ನಂತರ ಸುಂದರೇಶನನ್ನು ಕರೆದು, "ಟೆಂಪರೇಚರ್ ಯಾಕಪ್ಪಾ ಬರೆದಿಲ್ಲ?" ಎಂದರು.

"ಪ್ರೋಬ್ ಕೆಟ್ಟೋಗಿತ್ತು ಸಾರ್."

"ಕೈನ ಬಿಸಿನೀರಲ್ಲಿ ಇಡಿಸೋಕೆ ಪ್ರೋಬ್ ಬೇಕಾ?" ಆಮೇಲೆ ನನ್ನತ್ತ ತಿರುಗಿದರು. "ನಾನೂ ನೋಡಬೇಕಿತ್ತು ಬಿಡಿ. ಆಟೋದಲ್ಲಿ ಕೈ ಯಾಕೆ ಮೇಲೆ ಹಿಡ್ಕೊಂಡಿದ್ರಿ?"

ಅವ್ವ ಅವತ್ತು ಬಂದಿರಲಿಲ್ಲ. ಆದರೂ ಬಾಗಿಲ ಕಡೆ ನೋಡಿದೆ. ಮಾತಿಗೆ ಬದಲು ಎಡಗೈ ಎತ್ತಿ ನೆತ್ತಿಯ ಮೇಲಿಟ್ಟು ತೋರಿಸಿದೆ. "ಹೀಗಿಟ್ರೆ ನೋವು ಹೋಗುತ್ತೆ ಸಾರ್."

"ಅಯ್ಯೋ, ಇದನ್ನ ಮೊದಲ ದಿನ ಹೇಳಿದ್ರೆ ಮಣಿಕಟ್ಟಿನ ಹತ್ರ ಹೋಗ್ತಲೇ ಇರಲಿಲ್ಲವಲ್ರೀ. ಕತ್ತಲ್ಲಿ ನರದ ಬುಡ ಸಿಕ್ಕಿಕೊಂಡವರು ಮಾಡೋದಿದು. ಕೈ ಎತ್ತಿದ್ರೆ ಎಳೆತ ಸಡಿಲ ಆಗುತ್ತೆ. ಯಾಕೆ ಹೇಳಲಿಲ್ಲ?"

"ಮನೇಲಿ ಹಂಗೆ ಇಟ್ಕೋಬಾರದು ಅಂತಾರೆ."

ಡಾಕ್ಟರು ನಗಲಿಲ್ಲ. "ನಮ್ಮನೇಲೂ ಅಂತಾರೆ," ಎಂದರು.

ಕೈಯನ್ನು ಬಿಸಿನೀರಿನ ಟಬ್ಬಿನಲ್ಲಿ ಹದಿನೈದು ನಿಮಿಷ ಇಡಿಸಿ ಮತ್ತೆ ಶಾಕ್ ಕೊಟ್ಟರು. ಮಣಿಕಟ್ಟು ಸರಿಯಾಗಿತ್ತು. ನೋವು ಬಂದು ಇಪ್ಪತ್ತಾರು ದಿನವಾಗಿದ್ದರಿಂದ ಈಗ ಸೂಜಿ. ತೋಳಿನ ಹಿಂದಿನ ಸ್ನಾಯುವಿಗೆ ಚುಚ್ಚಿ, "ಸುಮ್ಮನೆ ಬಿಡಿ, ಬಿಗಿ ಹಿಡೀಬೇಡಿ," ಎಂದರು. ನಾನು ಬಿಟ್ಟಿದ್ದೆ. ಆದರೂ ಯಂತ್ರದಿಂದ ತಗಡಿನ ಮೇಲೆ ಹನಿ ಉದುರುವಂಥ ಸದ್ದು ಬರುತ್ತಲೇ ಇತ್ತು. ಒಳ್ಳೆಯ ಸ್ನಾಯು ಬಿಟ್ಟಾಗ ಸುಮ್ಮನಿರುತ್ತದಂತೆ. ನರದ ತುದಿ ಕಳೆದುಕೊಂಡದ್ದು ಮಾತ್ರ ಹೀಗೆ ತನ್ನಷ್ಟಕ್ಕೆ ಮಿಡಿಯುತ್ತದಂತೆ. ಮುಂಗೈಯಲ್ಲೂ ಅದೇ ಸದ್ದು, ಕತ್ತಿನ ಹಿಂದೆಯೂ ಅದೇ.

"ಏಳನೇ ನರದ ಬುಡ," ಎಂದರು. "ಬೆರಳಿನ ಪರೀಕ್ಷೆ ಸರಿ ಬಂದ್ರೂ ಬೆರಳು ಜುಮ್ಮನ್ನುತ್ತೆ. ತೊಂದರೆ ಇರೋದು ಬೆರಳಲ್ಲಿ ಅಲ್ಲ, ಬೆನ್ನುಮೂಳೆ ಹತ್ರ. ಆಪರೇಷನ್ ಬೇಡ, ಕ್ಯಾನ್ಸಲ್ ಮಾಡ್ಸಿ. ಹೆಚ್ಚಿನವರಿಗೆ ತಾನಾಗೇ ಸರಿಹೋಗುತ್ತೆ, ಆದ್ರೆ ತಿಂಗಳುಗಟ್ಟಲೆ ಹಿಡಿಯುತ್ತೆ. ಅಲ್ಲೀತನಕ ಕತ್ತು ಬಗ್ಗಿಸಿ ಕೂರೋ ಕೆಲಸ ಯಾವುದೂ ಬೇಡ."

"ಯಾವುದೂ?"

"ಯಾವುದೂ."

ಅಂಗೈ ಉಳಿಯಿತು. ತಕ್ಕಡಿಯ ಕೆಲಸಕ್ಕೆ ರಜೆ ಚೀಟಿ ಬರೆದುಕೊಟ್ಟರು. ಬೆಳಗಿನ ಮುಕ್ಕಾಲು ಗಂಟೆಗೆ ಅವರು ಚೀಟಿ ಬರೆಯುವಂತಿರಲಿಲ್ಲ. ಲಿಂಗ ಜಾರಿಸಿದ ಬೆರಳುಗಳು ಹಾಗೇ ಇದ್ದವು. ಈಗ ತಲೆ ತಗ್ಗಿಸುವ ಹಾಗೂ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಪೂಜೆಗೆ ಕೂತೆ. ಅವ್ವ ಮೊಣಕಾಲು ತಾಗಿಸಿ ಕೂತಳು. ಕೊರಳಿನಿಂದ ಲಿಂಗ ತೆಗೆಯಲು ಹೋದ ಕೈ ಅರ್ಧಕ್ಕೆ ನಿಂತಿತು.

"ಅವ್ವ, ಹೋದ ತಿಂಗಳು ಒಂದು ದಿನ ಜಾರಿಬಿಡ್ತು. ನೆಲಕ್ಕಲ್ಲ. ಮಡಿಲಿಗೆ."

"ಸೋಮವಾರ," ಎಂದಳು ಅವ್ವ.

"ನೋಡಿದ್ಯಾ?"

"ಕಿವಿ ಇಲ್ವಾ ನಂಗೆ? ನಿನ್ನ ಉಸಿರು ನಿಂತೋಯ್ತಲ್ಲ ಆಗ." ಮುಂದೆ ಹರಡಿದ್ದ ಸೆರಗನ್ನು ಬೆರಳಲ್ಲಿ ಸರಿಮಾಡಿದಳು. "ಅವತ್ತಿಂದ ಇದನ್ನ ಯಾಕೆ ಹಾಸ್ಕೊಂಡು ಕೂರ್ತೀನಿ ಅಂದ್ಕೊಂಡೆ? ನೆಲಕ್ಕೆ ಬಿದ್ರೆ ತಾನೇ ಮಾತು."

ನಾನು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ನೆತ್ತಿಯ ಮೇಲಿನ ಕೈಯ ವಿಷಯವನ್ನೂ ಹೇಳಿದೆ. ಅವ್ವ ನನ್ನ ಎಡಗೈ ಹಿಡಿದು ತಿರುಗಿಸಿ ನೋಡಿದಳು. "ತಲೆ ಮೇಲೆ ಬ್ಯಾಡ," ಎಂದಳು ಕೊನೆಗೆ. "ಕಣ್ಣ್ ಮುಂದಕ್ಕೆ ಎತ್ತಿ ಹಿಡ್ಕೊಂಡ್ರೆ ಆಗಲ್ವಾ? ನೀನು ಬಗ್ಗೋದ್ಯಾಕೆ, ಅದನ್ನೇ ಎತ್ತು."

ಎದ್ದು ಹೋಗಿ ಅಟ್ಟದಿಂದ ತಾತನ ದವಸದಂಗಡಿಯ ಹಿತ್ತಾಳೆಯ ಸೇರನ್ನು ತಂದಳು. ಮಹಾರಾಜರ ಕಾಲದ ಮುದ್ರೆಯಿದ್ದ ಅಳತೆ; ನಮ್ಮ ಇಲಾಖೆಯ ಪ್ರಕಾರ ಈಗ ಚಲಾವಣೆಯಲ್ಲಿಲ್ಲ. ಹಲಗೆಯ ಮೇಲೆ ಮಣೆ, ಮಣೆಯ ಮೇಲೆ ಸೇರು ಬೋರಲಾಗಿ, ಅದರ ಮೇಲೆ ಮಡಿಸಿದ ವಸ್ತ್ರ. ನನ್ನ ಮೊಣಕೈಯನ್ನು ಹಿಡಿದು ಅದರ ಮೇಲೆ ಕೂರಿಸಿದಳು. ಅಂಗೈ ಕಣ್ಣಿನ ಎತ್ತರಕ್ಕೆ ಬಂತು. ನೀರನ್ನು ಬಿಸಿಮಾಡಿ ತಂದಿದ್ದಳು.

ಲಿಂಗವನ್ನಿಟ್ಟುಕೊಂಡು ನೇರ ನೋಡಿದೆ. ತೋಳಿನ ನೋವು ನಿಧಾನವಾಗಿ ಇಳಿಯಿತು. ನಡುಬೆರಳಿಗೆ ಮಾತ್ರ ಇನ್ನೂ ಏನೂ ಗೊತ್ತಾಗುತ್ತಿರಲಿಲ್ಲ. ಐದು ನಿಮಿಷಕ್ಕೆ ಭುಜ ಸೋತಿತು.

"ಸಾಕು ಬುಡು ಇವತ್ತಿಗೆ," ಎಂದಳು ಅವ್ವ. ಲಿಂಗ ಕೊರಳಿಗೆ ಮರಳುವವರೆಗೂ ಸೆರಗನ್ನು ನೆಲದಿಂದ ತೆಗೆಯಲಿಲ್ಲ.