ಒಂಟಿ ಸಾಕ್ಷಿ

"ಆ ಕಡೆ ಸ್ವಲ್ಪ ಎತ್ರಪ್ಪಾ, ತಲೆ ವಾಲ್ತಾ ಐತೆ" ಎಂದು ಆವಲಪ್ಪ ಕೂಗಿದ.

ಚಟ್ಟ ಹೊತ್ತವರು ಚಿಂತಾಮಣಿ ರಸ್ತೆಗೆ ಇಳಿದರು. ಅದರ ಮೇಲೆ ಮಲಗಿದ್ದವನು ಆವಲಪ್ಪನ ಭಾವ ನಲ್ಲಪ್ಪ. ಬದನೆಕಾಯಿ ಬೆಳೆದು ಪೇಟೆಯಲ್ಲಿ ಮಾರುತ್ತಿದ್ದವನು. ಹಿಂದಿನ ದಿನ ಎದೆನೋವು ಬಂದು, ಆಸ್ಪತ್ರೆ ತಲುಪುವ ಮೊದಲೇ ಎತ್ತಿನ ಗಾಡಿಯಲ್ಲಿ ಸತ್ತಿದ್ದ.

"ಗಾಡೀಲಿ ಯಾಕೆ ಕರ್ಕೊಂಡೋದ್ರಿ? ಬಸ್ಸು ಇರ್ಲಿಲ್ವಾ?" ಶಿಡ್ಲಘಟ್ಟದಿಂದ ಬಂದಿದ್ದ ನೆಂಟನೊಬ್ಬ ಕೇಳಿದ.

ಹೆಗಲು ಕೊಟ್ಟಿದ್ದ ನೆರೆಮನೆಯ ಕೋನಪ್ಪ ತಲೆ ತಗ್ಗಿಸಿದ. ಹಿಂದೆ ಬರುತ್ತಿದ್ದ ನಲ್ಲಪ್ಪನ ಹೆಂಡತಿ ಗಂಗುಲಮ್ಮ ಹೇಳಿದಳು:

"ಇತ್ತು. ಅಡ್ಡ ನಿಂತು ಕೈ ತೋರಿಸ್ದೆ. ಕೋನಪ್ಪಣ್ಣನ ಮಗಾನೇ ಕಂಡಕ್ಟರು. ನನ್ ಮುಖ ನೋಡ್ದ. ನಿಲ್ಸಕ್ಕೆ ಸೀಟಿ ಊದ್ಲಿಲ್ಲ."

*

ಹಿಂದಿನ ಚುನಾವಣೆಯಲ್ಲಿ ಬಸ್ ಮಾಲೀಕ ನರಸಿಂಹಪ್ಪ ಒಬ್ಬ ಅಭ್ಯರ್ಥಿಗೆ ನೀರಿನಂತೆ ಹಣ ಸುರಿದಿದ್ದ. ಮನೆಮನೆಗೆ ಸೀರೆ ಬಂತು. ಮತದಾನದ ದಿನ ಅವನ ಬಸ್ಸುಗಳೇ ಜನರನ್ನು ಪುಕ್ಕಟೆ ಹೊತ್ತು ತಂದವು. ಆ ಅಭ್ಯರ್ಥಿ ಗೆದ್ದ. ಕೆಲವೇ ತಿಂಗಳಲ್ಲಿ ಆ ದಾರಿಯಲ್ಲಿ ಓಡುತ್ತಿದ್ದ ಬೇರೆಯವರ ಬಸ್ಸಿನ ಪರ್ಮಿಟ್ಟು ರದ್ದಾಯಿತು, ನರಸಿಂಹಪ್ಪನದೊಂದೇ ಉಳಿಯಿತು. ಟಿಕೆಟ್ಟಿನ ದರ ಏರಿತು.

ಸೋತವನು ಕೋರ್ಟಿಗೆ ಹೋದ. ಕೋನಪ್ಪನೇ ಬಂದು ಹೇಳಿದ್ದ: "ನಾವಿಬ್ರೂ ಸಾಕ್ಷಿ ಹೇಳಣ ಕಣೋ ನಲ್ಲಪ್ಪ. ಕಂಡಿದ್ದು ಹೇಳಕ್ಕೆ ಭಯ ಯಾಕೆ?"

ವಿಚಾರಣೆಯ ದಿನ ಕಟಕಟೆ ಹತ್ತಿದ ಕೋನಪ್ಪ, "ನಾನೇನೂ ನೋಡಿಲ್ಲ ಸ್ವಾಮಿ" ಎಂದು ಇಳಿದುಬಿಟ್ಟ. ಆಮೇಲೆ ನಲ್ಲಪ್ಪ ಹತ್ತಿದ.

"ನಿಮ್ಮನೆಗೂ ಸೀರೆ ಕೊಟ್ರೇನಯ್ಯ?" ಗೆದ್ದವನ ಕಡೆಯ ವಕೀಲ ಗದರಿದ.

"ಕೊಟ್ರು ಸ್ವಾಮಿ. ನನ್ ಹೆಂಡ್ತಿ ಈಸ್ಕೊಂಡ್ಲು. ನಾನೂ ಅವರ ಬಸ್ಸಲ್ಲೇ ಹೋಗಿ ಓಟು ಹಾಕ್ದೆ. ತಪ್ಪಾಯ್ತು."

ಕೋರ್ಟಿನಲ್ಲಿದ್ದವರು ನಕ್ಕರು. ಒಬ್ಬನ ಮಾತು ಸಾಲದೆ ಕೇಸು ಬಿದ್ದುಹೋಯಿತು. ಆ ವಾರವೇ ಕೋನಪ್ಪನ ಮಗನಿಗೆ ಬಸ್ಸಿನಲ್ಲಿ ಕೆಲಸ ಸಿಕ್ಕಿತು. ನಲ್ಲಪ್ಪನ ಬದನೆಕಾಯಿ ತುಂಬಿದ ಮಂಕರಿಯನ್ನು ಮಾತ್ರ ಬಸ್ಸಿನಿಂದ ಕೆಳಗಿಳಿಸಿದರು. "ಮಾಲೀಕರು ನಿಮ್ಮನೆಯವ್ರನ್ನ ಹತ್ತಿಸ್ಬೇಡ ಅಂದವ್ರೆ" ಎಂದ ಕಂಡಕ್ಟರು. ಅಂದಿನಿಂದ ನಲ್ಲಪ್ಪ ಬದನೆಕಾಯಿ ಮಂಕರಿ ತಲೆಯ ಮೇಲಿಟ್ಟು ಪೇಟೆಗೆ ನಡೆದ. ಮಳೆಯಲ್ಲೂ ನಡೆದ, ಜ್ವರ ಬಂದಾಗಲೂ ನಡೆದ. ಬಸ್ಸು ಧೂಳೆಬ್ಬಿಸಿ ಪಕ್ಕದಲ್ಲೇ ಹೋಗುತ್ತಿತ್ತು. ಒಳಗಿದ್ದ ಊರವರು ಬೇರೆ ಕಡೆ ಮುಖ ತಿರುಗಿಸುತ್ತಿದ್ದರು.

*

ಗುಂಡಿ ಮುಚ್ಚಿದ್ದಾಯಿತು. ರಸ್ತೆ ಬದಿಯಲ್ಲಿ ಕುಳಿತಿದ್ದ ಗಂಗುಲಮ್ಮನ ಹತ್ತಿರ ಬಂದು ಕೋನಪ್ಪ ನಿಂತ.

"ನನ್ ಮಗನ್ದು ಅನ್ನದ ಪ್ರಶ್ನೆ ಆಗಿತ್ತು ಕಣಮ್ಮ..."

"ಅವ್ರು ಒಂದಿನಾನೂ ನಿನ್ನ ಬೈಲಿಲ್ಲ ಕಣಣ್ಣ" ಎಂದಳು ಅವಳು. "ಬೈದಿದ್ರೆ ಚೆನ್ನಾಗಿತ್ತು. ಒಳಗೇ ಇಟ್ಕೊಂಡ್ರು."

ಅಷ್ಟರಲ್ಲಿ ತಿರುವಿನಲ್ಲಿ ನರಸಿಂಹಪ್ಪನ ಬಸ್ಸಿನ ಹಾರನ್ ಕೇಳಿಸಿತು. ಪರ ಊರಿಂದ ಬಂದಿದ್ದ ನೆಂಟರು ಗಡಿಬಿಡಿಯಿಂದ ರಸ್ತೆಗೆ ಬಂದರು. ಇದು ತಪ್ಪಿದರೆ ಆ ದಿನ ಬೇರೆ ಬಸ್ಸಿರಲಿಲ್ಲ. ಆವಲಪ್ಪ ಅಕ್ಕ ಗಂಗುಲಮ್ಮನ ಕಡೆ ಒಮ್ಮೆ ನೋಡಿ, ತಾನೂ ಹೋಗಿ ಅವರ ಜೊತೆ ನಿಂತ.

ಗುಂಡಿಯ ಕೆಮ್ಮಣ್ಣು ಇನ್ನೂ ಅಂಟಿಕೊಂಡಿದ್ದ ಕೈಗಳನ್ನು ಎಲ್ಲರೂ ಮೇಲೆತ್ತಿದರು.

ಬಸ್ಸು ನಿಂತಿತು.