ಬಾಳೆನಾರಿನ ಗಂಟು, ಮರ ಕೊಯ್ಯುವ ಮಷಿನು

ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ತಾಲೂಕಿನಲ್ಲಿ ರೇಖಾಳಷ್ಟು ಬೇಗ ಮಲ್ಲಿಗೆ ಕಟ್ಟುವವರು ಹುಟ್ಟಿಲ್ಲ, ಇನ್ನು ಹುಟ್ಟುವುದೂ ಇಲ್ಲ. ಅವಳು ಮೊಗ್ಗಿನ ಬುಟ್ಟಿ ಮುಂದಿಟ್ಟುಕೊಂಡು ಕೂತರೆ ಬೆರಳು ಕಣ್ಣಿಗೆ ಕಾಣುವುದಿಲ್ಲ. ಒಂದಿಷ್ಟು ಗಾಳಿ ಬೀಸಿದಂತಾಗುತ್ತದೆ, ತಿರುಗಿ ನೋಡಿದರೆ ಮೊಳದುದ್ದದ ಮಾಲೆ. ಬಾಳೆನಾರಿನಲ್ಲಿ ಅವಳು ಹಾಕಿದ ಗಂಟಿಗೆ ಮೀನು ತುಂಬಿದ ದೋಣಿಯನ್ನೇ ಕಟ್ಟಿ ದಡಕ್ಕೆ ಎಳೆಯಬಹುದು. ಎಳೆದು ನೋಡಿದವರು ಯಾರೂ ಇಲ್ಲ. ಆದರೆ ಆಗುವುದಿಲ್ಲ ಎಂದು ಹೇಳಿದವರೂ ಇಲ್ಲ.

ಅವಳ ಗಂಡ ರಮಾನಂದ ಬಡಗಿ. ಭಟ್ಕಳದ ಹೊರಗಿನ ಕೇರಿಯಲ್ಲಿ ಮನೆ, ಮನೆಗೆ ತಾಗಿ ತಗಡಿನ ಶೆಡ್ಡು. ತಾನು ಉಳಿ ಹಿಡಿದರೆ ಹಲಸಿನ ಮರ ತಾನಾಗಿ ಬಾಗಿಲಾಗಿ ಹೋಗಿ ಚೌಕಟ್ಟಿನಲ್ಲಿ ನಿಲ್ಲುತ್ತದೆ ಎಂದು ಅವನೇ ಹೇಳಿಕೊಳ್ಳುತ್ತಿದ್ದುದರಿಂದ ಇನ್ನೊಬ್ಬರು ಹೊಗಳುವ ಕಷ್ಟವಿರಲಿಲ್ಲ.

ಕಳೆದ ವರ್ಷ ಅವನು ಒಂದು ಮೈಟರ್ ಮಷಿನು ತಂದ. ಮರವನ್ನು ಓರೆಯಾಗಿ ಕೊಯ್ಯುವ ಕರೆಂಟಿನ ಗರಗಸ. ಅದರ ಕೆಳಗಿನ ಮೇಜು ಎಡಕ್ಕೂ ಬಲಕ್ಕೂ ತಿರುಗುತ್ತದೆ, ಮೇಲಿನ ತಲೆ ಪಕ್ಕಕ್ಕೆ ವಾಲುತ್ತದೆ. ಎರಡನ್ನೂ ಒಟ್ಟಿಗೆ ಓರೆ ಮಾಡಿ ಕೊಯ್ದರೆ ದೇವರ ಮಂಟಪದ ಇಳಿಜಾರು ಮಾಡಿನ ಮೂಲೆಯೂ ಕೂದಲು ತೂರದ ಹಾಗೆ ಕೂರುತ್ತದೆ. ಬ್ಲೇಡಿನ ಮೇಲೆ ಒಂದು ಪ್ಲಾಸ್ಟಿಕ್ ಮುಚ್ಚಳ. ತಲೆಯನ್ನು ಮರದ ಮೇಲೆ ಇಳಿಸಿದಾಗ ಅದು ತಾನಾಗಿ ಮೇಲೆ ಸರಿಯುತ್ತದೆ, ತಲೆ ಎತ್ತಿದಾಗ ತಾನಾಗಿ ಇಳಿದು ಹಲ್ಲುಗಳನ್ನು ಮುಚ್ಚುತ್ತದೆ. ಮಷಿನು ಚಾಲೂ ಆದರೆ ಅತ್ತ ಹೊನ್ನಾವರದಲ್ಲಿ ಶರಾವತಿಯ ಮೀನುಗಳು ತಲೆಯೆತ್ತಿ ನೋಡುತ್ತವೆ ಎಂದು ರಮಾನಂದ ಕಂಡವರಿಗೆಲ್ಲ ಹೇಳಿದ.

ಕೆಲಸಕ್ಕೆ ಇಬ್ಬರೇ. ಮರದ ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ತುದಿ ರೇಖಾಳ ಕೈಯಲ್ಲಿ. ಅವನು ಕೊಯ್ಯುವುದು, ಬಿದ್ದ ತುಂಡನ್ನು ಅವಳು ಹೆಕ್ಕಿ ಬದಿಗಿಡುವುದು. ಬೆಳಿಗ್ಗೆ ಹೂವಿಗೆ ಕೂರುವ ಬೆರಳುಗಳೇ ಮಧ್ಯಾಹ್ನ ಮರಕ್ಕೆ ಬರುತ್ತಿದ್ದವು.

ಆಯುಧ ಪೂಜೆ ಬಂತು. ಮಷಿನಿಗೆ ಅದು ಮೊದಲ ಪೂಜೆ. ರೇಖಾ ಅದಕ್ಕೆ ಹಾಕಿದ ಮಲ್ಲಿಗೆಯಲ್ಲಿ ನಾಲ್ಕು ಮದುವೆ ಮಾಡಬಹುದಿತ್ತು. ಆದರೆ ಬ್ಲೇಡಿಗೆ ಕುಂಕುಮ ಹಚ್ಚಲು ಹೋದರೆ ಮುಚ್ಚಳ ಅಡ್ಡ. ಎತ್ತಿ ಹಿಡಿದರೆ ಎತ್ತಿದಷ್ಟೇ ಹೊತ್ತು, ಬಿಟ್ಟ ಕೂಡಲೇ ಇಳಿದು ಕುಂಕುಮವನ್ನು ಮರೆಮಾಡುತ್ತಿತ್ತು. ಆಯುಧಕ್ಕೆ ಪೂಜೆ ಮಾಡಿ ಆಯುಧವೇ ಕಾಣದಿದ್ದರೆ ಹೇಗೆ? ರೇಖಾ ನೆನೆಸಿಟ್ಟ ಬಾಳೆನಾರನ್ನು ಮೂರೆಳೆ ಮಾಡಿ, ಮುಚ್ಚಳವನ್ನು ಮೇಲಕ್ಕೆತ್ತಿ ಹಿಡಿಕೆಗೆ ಬಿಗಿದು ಕಟ್ಟಿದಳು. ಗಂಟಿನ ಮೇಲೊಂದು ಮಲ್ಲಿಗೆ ಸಿಕ್ಕಿಸಿದಳು.

ಮರುದಿನ ಮಾಲೆ ತೆಗೆದರು, ಗಂಟು ಉಳಿಯಿತು. ಪೂಜೆಯಲ್ಲಿ ಆಯುಧಕ್ಕೆ ಕಟ್ಟಿದ ಗಂಟನ್ನು ಕೈಯಿಂದ ಬಿಚ್ಚಬಾರದು, ಅದು ತಾನಾಗಿ ಉದುರಬೇಕು ಎಂಬುದು ಆ ಮನೆಯ ರೂಢಿ. ಉಳಿ, ಕೊಡತಿಗೆ ಕಟ್ಟಿದ ನಾರು ಎರಡೇ ದಿನ ಬಾಳುತ್ತಿತ್ತು. ಆದರೆ ಇದು ರೇಖಾಳ ಮೂರೆಳೆಯ ಗಂಟು. ಒಣಗಿದಷ್ಟೂ ಬಿಗಿಯಾಯಿತು. ಮುಚ್ಚಳ ಮೇಲೆಯೇ ನಿಂತಿತು. ಪೆನ್ಸಿಲ್ ಗೆರೆ ಚೆನ್ನಾಗಿ ಕಾಣುತ್ತದೆ ಎಂದು ರಮಾನಂದನಿಗೆ ಖುಷಿ. ಮಷಿನು ಮಾಡಿದವನಿಗೂ ತೋಚದ ಉಪಾಯ ತನ್ನ ಹೆಂಡತಿಗೆ ತೋಚಿತು ಎಂದು ಕೇರಿಯಲ್ಲೆಲ್ಲ ಹೇಳಿ ಬಂದ. ರೇಖಾಳಿಗೂ ಒಳಗೊಳಗೇ ಹೆಮ್ಮೆ.

ಎರಡು ತಿಂಗಳಾದ ಮೇಲೆ ರಮಾನಂದನ ತಂಗಿ ರೂಪಾ ಬಂದಳು. ಅವಳು ಕುಮಟಾದಲ್ಲಿ ಹುಡುಗರಿಗೆ ಮರಗೆಲಸದ ತರಬೇತಿ ಕೊಡುವವಳು. ದಾರಿಯಲ್ಲಿ ಇಡಗುಂಜಿಗೆ ಹೋಗಿ ಪ್ರಸಾದ ತಂದಿದ್ದಳು. ಪ್ರಸಾದ ಕೊಡಲು ಶೆಡ್ಡಿಗೆ ಬಂದವಳು ಮಷಿನು ನೋಡಿ ಅಲ್ಲೇ ನಿಂತಳು.

"ಅಣ್ಣ, ಆ ಮುಚ್ಚಳ ಎಂತಕ್ಕೆ ಮೇಲೆ ಕಟ್ಟಿದ್ದು?"

"ಪೂಜೆದು. ನಿನ್ನ ಅತ್ತಿಗೆ ಕಟ್ಟಿದ್ದು. ಗೆರೆ ಎಷ್ಟು ಚೆಂದ ಕಾಣ್ತದೆ ನೋಡು."

"ನಿಂಗೆ ಗೆರೆ ಕಾಣ್ತದೆ. ಬ್ಲೇಡಿಗೆ ನಿನ್ನ ಕೈ ಕಾಣ್ತದೆ."

ರಮಾನಂದ ನಕ್ಕ. ಇಪ್ಪತ್ತೆರಡು ವರ್ಷ ಕೈಗರಗಸ ಹಿಡಿದವನಿಗೆ, ಮೊನ್ನೆ ಮೊನ್ನೆ ಲಂಗ ಹಾಕಿಕೊಂಡು ಹಿಂದೆ ಹಿಂದೆ ಬರುತ್ತಿದ್ದ ತಂಗಿ ಪಾಠ ಹೇಳುವುದೇ? ಅವಳು ಕೊಯ್ಯುವುದು ಕರಿಹಲಗೆಯ ಮೇಲೆ, ತಾನು ಕೊಯ್ಯುವುದು ಹಲಸನ್ನು ಎಂದು ಚುಚ್ಚಿದ. ರೂಪಾ ಬಿಡಲಿಲ್ಲ. ಮಷಿನಿಗೆ ಬೋಲ್ಟು ಹಾಕಿಲ್ಲ, ಮೇಜಿನ ಮೇಲೆ ಸುಮ್ಮನೆ ಇಟ್ಟಿದ್ದಾರೆ ಎಂದಳು. ಕಣ್ಣಿಗೆ ಕನ್ನಡಕವಿಲ್ಲ, ಮರ ಬಿಗಿಹಿಡಿಯುವ ಕ್ಲ್ಯಾಂಪು ಇನ್ನೂ ಪೆಟ್ಟಿಗೆಯಲ್ಲೇ ಇದೆ ಎಂದಳು. ಎಲ್ಲಕ್ಕೂ ಮೊದಲು ಆ ಗಂಟು ಬಿಚ್ಚಬೇಕು ಎಂದಳು.

ಬದಿಯಲ್ಲಿ ಕೂತು ತುಂಡು ಜೋಡಿಸುತ್ತಿದ್ದ ರೇಖಾಳಿಗೆ ಆ ಮಾತು ಚುರ್ರೆಂದಿತು. "ಪೂಜೆ ಗಂಟು ತಾನಾಗಿ ಉದುರ್ಬೇಕು ರೂಪಾ. ಬಿಚ್ಚೂಕಾಗ. ಇಷ್ಟು ದಿನ ಎಂತ ಆಯ್ತು? ಎಂತದೂ ಆಗ್ಲಿಲ್ಲ."

ರೂಪಾ ಅತ್ತಿಗೆಯ ಪಕ್ಕ ಕೂತಳು. ಕಾಗಾಲದ ದಿನಕರನ ವಿಷಯ ಹೇಳಿದಳು. ಅವನೂ ಇಂಥದೇ ಮಷಿನಿನಲ್ಲಿ ಕೆಲಸ ಮಾಡುತ್ತಿದ್ದ. ಕೈಗೆ ಒಳ್ಳೆಯದು ಎಂದು ನೂಲಿನ ಕೈಗವಸು ಹಾಕುತ್ತಿದ್ದ. ಕೈಗವಸಿನ ಒಂದು ಎಳೆ ಬ್ಲೇಡಿಗೆ ಸಿಕ್ಕಿತು, ಎಳೆಯ ಹಿಂದೆ ಕೈಯೂ ಹೋಯಿತು.

"ಈಗ ಎಡಗೈಯಲ್ಲಿ ಅನ್ನ ಕಲಸ್ತಾನೆ ಅತ್ತಿಗೆ. ಮದ್ವೆಮನೆಗೆ ಹೋದ್ರೆ ಕೊನೆಯ ಪಂಕ್ತಿಗೆ ಕೂರ್ತಾನೆ, ಯಾರೂ ನೋಡ್ಬಾರ್ದು ಹೇಳಿ. ಅವನಿಗೂ ಹಿಂದಿನ ದಿನದವರೆಗೆ ಎಂತದೂ ಆಗಿರ್ಲಿಲ್ಲ."

ಬ್ಲೇಡು ಒಂದು ಸೆಕೆಂಡಿಗೆ ಸುಮಾರು ಎಂಬತ್ತು ಸುತ್ತು ತಿರುಗುತ್ತದೆ ಎಂದೂ ಹೇಳಿದಳು. ಇದು ಶರಾವತಿಯ ಮೀನಿನ ಹಾಗೆ ಬೆಳೆಸಿದ ಮಾತಲ್ಲ. ನಿಮಿಷಕ್ಕೆ ಎಷ್ಟು ಸುತ್ತು ಎಂದು ಇಂಥ ಮಷಿನಿನ ಮೈಮೇಲೆಯೇ ಬರೆದಿರುತ್ತದೆ. ಬೇಕಾದವರು ಅರವತ್ತರಿಂದ ಭಾಗಿಸಿ ನೋಡಬಹುದು.

ರಮಾನಂದ ಪ್ರಸಾದ ತಿಂದು ಕೈ ಒರೆಸಿಕೊಂಡ. ರೂಪಾ ಬಸ್ಸು ಹತ್ತಿ ಹೋದಳು. ಗಂಟು ಹಾಗೆಯೇ ಇತ್ತು.

ಆ ವಾರ ಕರ್ಕಿಯ ಒಂದು ಮನೆಗೆ ದೇವರ ಮಂಟಪದ ಕೆಲಸ. ಮಾಡಿನ ಅಂಚಿಗೆ ಸಣ್ಣ ಸಣ್ಣ ಪಟ್ಟಿ, ಒಂದೊಂದೂ ಅಂಗೈಯಷ್ಟೇ ಉದ್ದ. ರಮಾನಂದ ತಲೆ ವಾಲಿಸಿ ಕೊಯ್ಯುವುದು, ರೇಖಾ ಹೆಕ್ಕುವುದು. ಕೊಯ್ಯುವುದು, ಹೆಕ್ಕುವುದು. ಹೂವು ಕಟ್ಟುವಾಗಿನ ಲಯವೇ ಅವಳ ಕೈಗೆ ಇಲ್ಲೂ ಬಂದಿತ್ತು. ಹನ್ನೊಂದನೆಯ ಪಟ್ಟಿ ಬಿತ್ತು. ರಮಾನಂದ ಸ್ವಿಚ್ಚು ಬಿಟ್ಟು ತಲೆಯನ್ನು ಮೇಲೆತ್ತಿದ. ಸದ್ದು ಇಳಿಯುತ್ತಿತ್ತು, ಬ್ಲೇಡು ಇನ್ನೂ ತಿರುಗುತ್ತಿತ್ತು. ರೇಖಾ ಪಟ್ಟಿಗೆ ಕೈ ಚಾಚಿದಳು.

ಟಿಣ್ ಎಂದು ಒಂದು ಸಣ್ಣ ಸದ್ದು.

ಅವಳ ಎರಡು ಹಸಿರು ಗಾಜಿನ ಬಳೆ ಇರಲಿಲ್ಲ. ಚೂರು ತಗಡಿಗೆ ಬಡಿದು ಕೆಳಗೆ ಬಿತ್ತು. ಕೈಯಲ್ಲಿ ಒಂದು ಗೀರೂ ಇಲ್ಲ. ಬಳೆಗೂ ಚರ್ಮಕ್ಕೂ ನಡುವೆ ಎಷ್ಟು ಜಾಗ ಇರುತ್ತದೋ ಅಷ್ಟರಲ್ಲಿ ಕೈ ಉಳಿದಿತ್ತು. ಮುಚ್ಚಳ ಇಳಿದಿದ್ದರೆ ಬಳೆಗೆ ಪ್ಲಾಸ್ಟಿಕ್ ತಾಗುತ್ತಿತ್ತು, ಅಷ್ಟೇ.

ರಮಾನಂದ ಓಡಿ ಹೋಗಿ ನೀರು ತಂದುಕೊಟ್ಟ. ಅವಳ ಕೈಯನ್ನು ತನ್ನ ಕೈಯಲ್ಲಿಟ್ಟುಕೊಂಡು ಒಂದೊಂದೇ ಬೆರಳು ಮುಟ್ಟಿ ನೋಡಿದ.

"ಎಂತ ಎಣಿಸ್ತಿದ್ದೀರಿ?"

"ಎಂತದೂ ಇಲ್ಲ," ಎಂದ. ಇನ್ನೊಂದು ಕೈಯನ್ನೂ ಕೇಳಿದ.

ಮರುದಿನ ಬೆಳಿಗ್ಗೆ ರೇಖಾ ಬುಟ್ಟಿಯ ಮುಂದೆ ಕೂತಳು. ಮೊಗ್ಗು ಬೆರಳಿನಿಂದ ಜಾರಿತು. ಇನ್ನೊಂದು ತೆಗೆದುಕೊಂಡಳು, ಅದೂ ಜಾರಿತು. ಮೂರು ತಾಲೂಕಿನಲ್ಲೇ ಸಾಟಿಯಿಲ್ಲದ ಬೆರಳುಗಳಿಗೆ ಒಂದು ಮೊಗ್ಗು ಹಿಡಿಯಲಾಗಲಿಲ್ಲ. ಅವಳು ಹೂವಿನ ಮೇಲೆ ಒದ್ದೆ ಬಟ್ಟೆ ಮುಚ್ಚಿಟ್ಟು ಶೆಡ್ಡಿಗೆ ಹೋದಳು.

ಮಷಿನಿನ ಎದುರು ತುಂಬಾ ಹೊತ್ತು ನಿಂತಳು. ಪೂಜೆಯ ದಿನ ಕೈಮುಗಿದು ತಾನು ಕೇಳಿಕೊಂಡದ್ದು ನೆನಪಾಯಿತು. ಕೆಲಸ ಕೊಡು, ಕೈ ಕಾಯು. ಕೇಳಿದ್ದು ಅದು. ಕಟ್ಟಿಹಾಕಿದ್ದು ಮಾತ್ರ ಕೈ ಕಾಯುವ ಮುಚ್ಚಳವನ್ನೇ. ತಾನು ಕಟ್ಟಿದ್ದು ದೇವರ ಮೇಲಿನ ಭಕ್ತಿಗೋ, ಕುಂಕುಮ ನಾಲ್ಕು ಜನರ ಕಣ್ಣಿಗೆ ಬೀಳಲಿ ಎಂದೋ? ಗಂಟು ತಾನಾಗಿ ಉದುರಲಿ ಎಂದು ಕಾದಿದ್ದರೆ ಅದಕ್ಕಿಂತ ಮೊದಲು ಉದುರುತ್ತಿದ್ದುದು ಏನು?

ಮೊದಲು ಪ್ಲಗ್ಗು ಕಿತ್ತಳು. ರೂಪಾ ಹೋಗುವಾಗ ಹೇಳಿದ್ದರಲ್ಲಿ ಅದೊಂದು ಕಿವಿಯಲ್ಲಿ ಉಳಿದಿತ್ತು. ಸ್ವಿಚ್ಚು ಆಫ್ ಮಾಡಿದರೆ ಸಾಲದು, ಬ್ಲೇಡಿನ ಹತ್ತಿರ ಕೈ ಒಯ್ಯುವ ಮುಂಚೆ ಪ್ಲಗ್ಗು ಹೊರಗೆ. ಆಮೇಲೆ ಗಂಟಿಗೆ ಕೈ ಹಾಕಿದಳು. ಕತ್ತರಿ ಪಕ್ಕದಲ್ಲೇ ಇತ್ತು, ಮುಟ್ಟಲಿಲ್ಲ. ಕಟ್ಟಿದವಳೇ ಬಿಚ್ಚಬೇಕು ಅನಿಸಿತು. ತನ್ನ ಗಂಟು ಎಷ್ಟು ಗಟ್ಟಿ ಎಂದು ಅವಳಿಗೆ ಅವತ್ತೇ ಗೊತ್ತಾದದ್ದು. ಅರ್ಧ ಗಂಟೆ ಉಗುರಿನಲ್ಲಿ ಕೆದಕಿದಳು. ಕೊನೆಯ ಎಳೆ ಸಡಿಲವಾದಾಗ ಮುಚ್ಚಳ ಸರ್ರನೆ ಇಳಿದು, ಕಣ್ಣಿನ ರೆಪ್ಪೆ ಮುಚ್ಚಿದ ಹಾಗೆ ಹಲ್ಲುಗಳನ್ನು ಮುಚ್ಚಿತು.

ಬಾಗಿಲಲ್ಲಿ ರಮಾನಂದ ನಿಂತಿದ್ದ. ಅವನ ಕೈಯಲ್ಲಿ ಫೋನು. "ರೂಪಾ ರವಿವಾರ ಬರ್ತಾಳಂತೆ," ಎಂದ. "ನಾನೇ ಕರೆದೆ."

ರವಿವಾರ ರೂಪಾ ಬಂದು ಅಣ್ಣನನ್ನು ಚೆನ್ನಾಗಿ ದುಡಿಸಿದಳು. ಮೊದಲು ಮೇಜು ಅಲ್ಲಾಡದ ಹಾಗೆ ಸಮ ಮಾಡಿಸಿದಳು, ಮಷಿನನ್ನು ನಾಲ್ಕು ಬೋಲ್ಟಿನಲ್ಲಿ ಅದಕ್ಕೆ ಬಿಗಿಸಿದಳು. ಉದ್ದದ ಮರದ ತುದಿ ಇನ್ನು ಅತ್ತಿಗೆಯ ಕೈಯಲ್ಲಿ ಅಲ್ಲ ಎಂದು ಎರಡೂ ಬದಿಗೆ ಮಷಿನಿನ ಎತ್ತರಕ್ಕೇ ಮರದ ಸ್ಟ್ಯಾಂಡು ಮಾಡಿಸಿದಳು. ಪ್ಲಗ್ಗು ಹೊರಗಿರುವಾಗಲೇ ಬ್ಲೇಡು ಬಿಗಿಯಾಗಿದೆಯೇ, ಹಲ್ಲು ಮುರಿದಿಲ್ಲವೇ ನೋಡಿದರು. ಮೂಲೆಮಟ್ಟ ಇಟ್ಟು ಬ್ಲೇಡು ನೆಟ್ಟಗಿದೆಯೇ ಎಂದು ನೋಡಿದರೆ ಸ್ವಲ್ಪ ವಾಲಿತ್ತು. ತನ್ನ ಮೂಲೆಗಳಲ್ಲಿ ಸಂದು ಬೀಳುವುದಕ್ಕೆ ಇಷ್ಟು ದಿನ ಮರವನ್ನೇ ಬೈದಿದ್ದ ರಮಾನಂದ ಆ ಕಡೆ ತಿರುಗಿ ಕೆಮ್ಮಿದ. ತಲೆ ವಾಲಿಸಿ ಕೊಯ್ಯುವ ಮುಂಚೆ ಕರೆಂಟಿಲ್ಲದೆ ಒಮ್ಮೆ ಕೆಳಗಿಳಿಸಿ, ಬ್ಲೇಡು ಮರ ಒರಗಿಸುವ ಹಿಂದಿನ ಆನಿಕೆಗೂ ಕ್ಲ್ಯಾಂಪಿಗೂ ತಾಗುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು ಎಂದು ತೋರಿಸಿದಳು.

ಆಮೇಲೆ ಮೈಮೇಲಿನದು. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕು, ಕಿವಿಗೆ ಸದ್ದು ತಡೆಯುವ ಬಿರಡೆ. ಕೈಗವಸು ಬೇಡವೇ ಬೇಡ. ಬಳೆ, ಉಂಗುರ, ಕೈಗೆ ಕಟ್ಟಿದ ದಾರ ತೆಗೆದಿಡಬೇಕು. ಅಂಗಿಯ ಸಡಿಲ ತೋಳು ಮೇಲಕ್ಕೆ, ಸೆರಗು ಸೊಂಟಕ್ಕೆ, ಜಡೆ ಗಂಟಾಗಿ ಹಿಂದಕ್ಕೆ. ಕನ್ನಡಕ, ಮಾಸ್ಕು, ಬಿರಡೆ ಏರಿಸಿಕೊಂಡ ರಮಾನಂದ ಚಂದ್ರಲೋಕಕ್ಕೆ ಹೊರಟವನಂತೆ ಕಂಡ.

"ಇನ್ನು ಕೊಯ್ಯು ಅಣ್ಣ. ನಿಧಾನ."

ಅವನು ಪಟ್ಟಿಯನ್ನು ಆನಿಕೆಗೆ ಒತ್ತಿ ಕ್ಲ್ಯಾಂಪು ಬಿಗಿದ. ಕೈ ಬ್ಲೇಡಿನಿಂದ ಒಂದು ಗೇಣು ಆಚೆ. ಬ್ಲೇಡಿನ ನೇರಕ್ಕೆ ನಿಲ್ಲದೆ ಸ್ವಲ್ಪ ಬದಿಗೆ ನಿಂತ. ಸ್ವಿಚ್ಚು ಒತ್ತಿದ, ಬ್ಲೇಡಿಗೆ ಪೂರ್ತಿ ವೇಗ ಬರುವವರೆಗೆ ಕಾದ, ಒತ್ತಾಯ ಮಾಡದೆ ಇಳಿಸಿದ. ಕೊಯ್ದಾದ ಮೇಲೆ ಹಳೆಯ ಚಾಳಿಯಂತೆ ತಲೆ ಎತ್ತಲು ಹೋದ.

"ಎತ್ತಬೇಡಿ," ಎಂದಳು ರೇಖಾ. ಹೇಳಿದ್ದು ರೂಪಾ ಅಲ್ಲ, ರೇಖಾ. "ಸ್ವಿಚ್ಚು ಬಿಡಿ. ಕೆಳಗೇ ಹಿಡ್ಕೊಂಡಿರಿ. ನಿಲ್ಲಲಿ."

ಬ್ಲೇಡು ಪೂರ್ತಿ ನಿಂತಿತು. ಅವನು ಎತ್ತಿದ, ಮುಚ್ಚಳ ಇಳಿಯಿತು. ಆಮೇಲೆಯೇ ಅವಳು ಕೈ ಚಾಚಿ ತುಂಡು ತೆಗೆದದ್ದು. ಅಂಗೈಯಷ್ಟರ ಪಟ್ಟಿ ಬೇಕಾದರೆ ಸಣ್ಣ ಚೂರನ್ನು ಕೈಯಲ್ಲಿ ಹಿಡಿದು ಕೊಯ್ಯುವುದಲ್ಲ, ಉದ್ದದ ಪಟ್ಟಿಗೆ ಕ್ಲ್ಯಾಂಪು ಬಿಗಿದು ತುದಿಯಿಂದ ಕೊಯ್ಯಬೇಕು ಎಂದು ರೂಪಾ ಹೇಳಿದಾಗ, ತನಗೂ ಮೊದಲೇ ಹಾಗೆ ಅನಿಸಿತ್ತು ಎಂದ ರಮಾನಂದ. ಹೆಂಗಸರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮಂಟಪ ಕರ್ಕಿಗೆ ಹೋಯಿತು. ಅದರ ಮೂಲೆಯ ಸಂದು ಹುಡುಕಲು ಹೋದ ಇರುವೆ ದಾರಿ ಕಾಣದೆ ವಾಪಸು ಬಂತಂತೆ. ಇದು ರಮಾನಂದನ ಮಾತು, ಇರುವೆಯನ್ನು ಕೇಳಿದವರಿಲ್ಲ. ಈ ಸಲದ ಆಯುಧ ಪೂಜೆಯಲ್ಲಿ ರೇಖಾ ಮಾಲೆಯನ್ನು ಮೇಜಿಗೆ ಹಾಕಿದಳು, ಕುಂಕುಮವನ್ನು ಮುಚ್ಚಳಕ್ಕೇ ಹಚ್ಚಿದಳು. ಪ್ಲಗ್ಗು ಹೊರಗಿತ್ತು. ಬೆರಳಿನಿಂದ ಮುಚ್ಚಳವನ್ನು ಒಮ್ಮೆ ಎತ್ತಿ ಬಿಟ್ಟಳು, ಅದು ತಡವರಿಸದೆ ಇಳಿಯಿತು. ಆಮೇಲೆ ಕೈಮುಗಿದಳು.

ಈಗ ನಿಮ್ಮ ಸರದಿ, ಅಕ್ಕ ಅಣ್ಣಂದಿರೇ. ಇದನ್ನು ಓದಿ ಮುಗಿಸಿ ನಿಮ್ಮ ಶೆಡ್ಡಿಗೆ ಹೋಗಿ. ಪ್ಲಗ್ಗು ಕಿತ್ತು ನೋಡಿ. ಮುಚ್ಚಳವನ್ನು ಯಾರಾದರೂ ನಾರಿನಲ್ಲೋ ತಂತಿಯಲ್ಲೋ ಟೇಪಿನಲ್ಲೋ ಕಟ್ಟಿದ್ದಾರೆಯೇ? ದೇವರ ಹೆಸರಿನಲ್ಲಿ ಕಟ್ಟಿದ್ದರೂ ಸರಿ, ಅವಸರಕ್ಕೆ ಕಟ್ಟಿದ್ದರೂ ಸರಿ, ಇವತ್ತೇ ಬಿಚ್ಚಿ. ಬಿಚ್ಚಿದ ಮೇಲೂ ಅದು ತಾನಾಗಿ ಇಳಿಯದಿದ್ದರೆ ರಿಪೇರಿಯಾಗುವವರೆಗೆ ಮಷಿನು ಮುಟ್ಟಬೇಡಿ. ನಿಮ್ಮ ಪಕ್ಕದಲ್ಲಿ ನಿಂತು ತುಂಡು ಹೆಕ್ಕುವವರ ಕೈಯನ್ನು ಒಮ್ಮೆ ಹಿಡಿದು ನೋಡಿ. ಈ ಕಥೆಯಲ್ಲಿ ದೋಣಿ, ಮೀನು, ಇರುವೆ ಎಲ್ಲವೂ ಒಂದಕ್ಕೆ ಹತ್ತಾಗಿ ಬಂದಿವೆ. ಬೆರಳು ಮಾತ್ರ ಹಾಗೆ ಬೆಳೆಯುವುದಿಲ್ಲ. ಅವು ಇರುವುದು ಹತ್ತೇ.